ದಯಾವತಿ ಮಿಸ್ ಕಾಣದ ಎಫೆಸ

ತುಮಕೂರಿನಿಂದ ಕುಣಿಗಲ್‌ಗೆ ಹೋಗುವ ಬಸ್ಸಿನಲ್ಲಿ ನಾನು ಯಾವಾಗಲೂ ಬಾಗಿಲಿನ ಹತ್ತಿರದ ಸೀಟನ್ನೇ ಹಿಡಿಯುತ್ತೇನೆ. ಬಸ್ಸು ಮಗುಚಿದರೆ ಬೇಗ ಇಳಿಯಬಹುದು ಎಂಬ ಯೋಚನೆ. ಎಷ್ಟೋ ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ, ಒಮ್ಮೆಯೂ ಮಗುಚಿಲ್ಲ. ಅದಕ್ಕೇ ಭಯ ಇನ್ನೂ ಹೆಚ್ಚು. ಇಷ್ಟು ದಿನ ಆಗದ್ದು ಇವತ್ತೇ ಆಗಬಹುದಲ್ಲ. ಹೋದ ತಿಂಗಳು ಹೀಗೇ ಕೂತಿದ್ದಾಗ ಪಕ್ಕದಲ್ಲಿದ್ದ ಅಜ್ಜಿ ಚೀಲದಿಂದ ಪುಟ್ಟ ಬಾಟಲಿ ತೆಗೆದು ಮಂಡಿಗೆ ನೀಲಗಿರಿ ಎಣ್ಣೆ ಉಜ್ಜತೊಡಗಿದರು. ಒಂದೇ ಕ್ಷಣದಲ್ಲಿ ಬಸ್ಸೆಲ್ಲ ಆ ಘಾಟು ತುಂಬಿಕೊಂಡಿತು.

"ವಾಸ್ನೆ ತಡಿಯಕ್ಕಾಗಲ್ವೇನಪ್ಪ? ಕಣ್ಣಲ್ಲಿ ನೀರು ಬಂದವೆ."

"ಇಲ್ಲ ಅಜ್ಜಿ, ಹಚ್ಕಳಿ."

"ಮಂಡಿ ಹೋದ್ರೆ ಮನುಷ್ಯ ಹೋದಂಗೆ ಕಣಪ್ಪ" ಅಂದರು ಅಜ್ಜಿ, ಇನ್ನೊಂದು ಮಂಡಿಗೆ ಶುರುಮಾಡುತ್ತ.

ಮೂರು ವರ್ಷದ ಹಿಂದೆ ಒಂದು ಇಡೀ ಮಳೆಗಾಲ ಈ ವಾಸನೆ ನನ್ನ ಅಂಗಿಗೂ ಹತ್ತಿಕೊಂಡಿತ್ತು. ಅದು ದಯಾವತಿ ಮಿಸ್ ಅವರ ಮಂಡಿಯ ವಾಸನೆ.

ದಯಾವತಿ ಮಿಸ್ ಗುಬ್ಬಿಯಲ್ಲಿ ನನಗೆ ನಾಲ್ಕನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಊರು ಕುಣಿಗಲ್. ಕ್ರೈಸ್ತರು, ಮದುವೆಯಾಗಲಿಲ್ಲ, ಕೆಲಸದಿಂದ ನಿವೃತ್ತರಾದ ಮೇಲೆ ತುಮಕೂರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಚಿಕ್ಕ ಮನೆಯಲ್ಲಿದ್ದರು. ತರಗತಿಯಲ್ಲಿ ಅವರು ಯಾರನ್ನೂ ಹೊಡೆದವರಲ್ಲ. ತಪ್ಪು ಮಾಡಿದವನನ್ನು ಎದ್ದು ನಿಲ್ಲಿಸುತ್ತಿದ್ದರು. ಅವನು ಹೇಳುವ ಕಥೆಯನ್ನೆಲ್ಲ ಕೇಳಿಸಿಕೊಂಡು, ಕಿಟಕಿಯ ಕಡೆ ತಿರುಗಿ, "ಇನ್ನೇನಾದ್ರೂ ಹೇಳೋದು ಉಳಿದಿದೆಯೇನೋ?" ಅನ್ನುತ್ತಿದ್ದರು. ಉಳಿದದ್ದನ್ನು ಹೇಳಿದರೆ "ಕೂತ್ಕೋ". ಹೇಳದಿದ್ದರೆ ಶಿಕ್ಷೆಯೇನೂ ಇಲ್ಲ, ಪಾಠ ಮುಂದುವರಿಯುತ್ತಿತ್ತು, ಕೂತ್ಕೋ ಅನ್ನುವ ಮಾತು ಮಾತ್ರ ಬರುತ್ತಿರಲಿಲ್ಲ. ಶಾಲೆಯ ಗ್ಲೋಬನ್ನು ನಾನು ಉರುಳಿಸಿ, ದಕ್ಷಿಣ ಅಮೆರಿಕದ ಹತ್ತಿರ ಅದು ತಗ್ಗು ಬಿದ್ದಾಗ, ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಿದ್ದೆ. ಮೊದಲ ಪೀರಿಯಡ್ಡಿನಿಂದ ಊಟದ ಗಂಟೆಯವರೆಗೆ ನಿಂತಿದ್ದು, ಕೊನೆಗೆ ಅಳುತ್ತಾ ಬೆಕ್ಕನ್ನು ಬಿಡುಗಡೆ ಮಾಡಿದೆ.

ನಮ್ಮಪ್ಪ ಗುಬ್ಬಿ ಪೇಟೆಯಲ್ಲಿ ಬೆಳ್ಳಿ ಕೆಲಸದವರು. ಇಷ್ಟಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಕರಡಿಗೆ ಮಾಡುವುದರಲ್ಲಿ ಅವರ ಕೈ ಸುತ್ತಲಿನ ಮಠಗಳ ಭಕ್ತರಿಗೆಲ್ಲ ಗೊತ್ತಿತ್ತು. ಇದನ್ನು ಯಾಕೆ ಹೇಳಿದೆನೆಂದರೆ, ಶುಕ್ರವಾರದ ನೀತಿ ಪಾಠದಲ್ಲಿ ಮಿಸ್ ಒಂದು ದಿನ ಎಫೆಸ ಎಂಬ ಊರಿನ ಕಥೆ ಹೇಳಿದರು. ಅಲ್ಲಿ ಒಬ್ಬ ದೇವಿಯ ದೊಡ್ಡ ಗುಡಿ. ಅಕ್ಕಸಾಲಿಗರು ಆ ಗುಡಿಯ ಪುಟ್ಟ ಬೆಳ್ಳಿ ಮಾದರಿ ಮಾಡಿ ಮಾರುತ್ತಿದ್ದರು. ಪೌಲನೆಂಬ ಪರಸ್ಥಳದವನು ಬಂದು, ಕೈಯಿಂದ ಮಾಡಿದ್ದು ದೇವರಲ್ಲ ಎಂದು ಸಾರಿದ. ನಮ್ಮ ಕಸುಬು ಹೋಯಿತೆಂದು ಅಕ್ಕಸಾಲಿಗರು ಊರನ್ನೆಲ್ಲ ಎಬ್ಬಿಸಿದರು. ಸಾವಿರಾರು ಜನ ಬಯಲು ರಂಗಮಂದಿರಕ್ಕೆ ನುಗ್ಗಿ ಗಂಟೆಗಟ್ಟಲೆ ಕೂಗಿದರು. ಕೊನೆಗೆ ಊರಿನ ಒಬ್ಬ ಗುಮಾಸ್ತ ಎದ್ದು ನಿಂತು ಮಾತಾಡಿ ಎಲ್ಲರನ್ನೂ ಮನೆಗೆ ಕಳಿಸಿದ. ಕಥೆ ಮುಗಿದಾಗ ನಾನು ಕೈ ಎತ್ತಿದೆ. "ಮಿಸ್, ಹಂಗಾದ್ರೆ ಆ ಬೆಳ್ಳಿ ಕೆಲ್ಸದೋರ ಮಕ್ಳು ಏನು ತಿಂದ್ರು?"

ನನಗಾಗ ಹತ್ತು ವರ್ಷ. ಪೌಲ ಗುಬ್ಬಿಗೂ ಬಂದುಬಿಟ್ಟರೆ ಎಂದು ಅದಾಗಲೇ ಚಿಂತೆ ಶುರುವಾಗಿತ್ತು. ಮಿಸ್ ನಕ್ಕರು. ಎಂದಾದರೂ ಹೇಳ್ತೀನಿ ಅಂದರು.

ಮೂರು ವರ್ಷದ ಹಿಂದೆ, ಯುಗಾದಿ ಮುಗಿದ ವಾರ ಅವರ ಫೋನ್ ಬಂತು. "ಲೋ ಮೌನೇಶ, ನಿನ್ನ ಹತ್ರ ಪಾಸ್‌ಪೋರ್ಟ್ ಇದೆಯೇನೋ?"

ಇತ್ತು. ಎಲ್ಲಿಗೂ ಹೋಗುವುದಕ್ಕಲ್ಲ, ಎಂದಾದರೂ ತುರ್ತಾಗಿ ಬೇಕಾದರೆ ಇರಲಿ ಎಂದು ಮಾಡಿಸಿಟ್ಟಿದ್ದೆ. ವಿಷಯ ಏನೆಂದರೆ, ಬೆಂಗಳೂರಿನಿಂದ ಒಂದು ತಂಡ ಅಕ್ಟೋಬರಿನಲ್ಲಿ ಗ್ರೀಸ್‌ಗೆ ಹೋಗಿ, ಅಲ್ಲಿಂದ ಹಡಗು ಹತ್ತಿ, ದಾರಿಯ ಬಂದರುಗಳಲ್ಲಿ ಇಳಿದು ಹಳೆಯ ಪುಣ್ಯಸ್ಥಳಗಳನ್ನು ನೋಡಿ ಬರುತ್ತದೆ. ಟರ್ಕಿಯ ಬಂದರಿನಲ್ಲಿ ಹಡಗು ಒಂದು ಹಗಲು ನಿಲ್ಲುತ್ತದೆ. ಎಫೆಸ ಅಲ್ಲಿಂದ ಅರ್ಧ ಗಂಟೆಯ ದಾರಿ. ಮಿಸ್ ಜೊತೆ ಹೋಗಬೇಕಿದ್ದ ಅಣ್ಣನ ಮಗಳು ಸುಮತಿಗೆ ಆಸ್ಪತ್ರೆಯ ನರ್ಸ್ ಕೆಲಸದಲ್ಲಿ ರಜೆ ಸಿಗಲಿಲ್ಲ. ಎಪ್ಪತ್ತು ದಾಟಿದವರನ್ನು ಒಬ್ಬರನ್ನೇ ಕರೆದೊಯ್ಯುವುದಿಲ್ಲವಂತೆ.

ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಅವರನ್ನ ನೀವು ನೋಡ್ಕೋತೀರಿ ಸರಿ, ನಿಮ್ಮನ್ನ ಯಾರು ನೋಡ್ಕೋತಾರೆ?"

ಮಿಸ್‌ಗಿದ್ದ ಆತಂಕ ಮಂಡಿಯದು. ಎಫೆಸದಲ್ಲಿ ಎರಡು ಗಂಟೆ ನಡೆಯಬೇಕು, ಎಲ್ಲ ಕಲ್ಲು, ಇಳಿಜಾರು. ರಂಗಮಂದಿರದ ಮೆಟ್ಟಿಲು ಬೇರೆ. ಅವರಿಗೆ ಅದರ ತುತ್ತತುದಿಯ ಸಾಲಿನಲ್ಲಿ ಕೂರಬೇಕಿತ್ತು. "ಆ ಗುಮಾಸ್ತ ಮಾತಾಡಿದ್ದು ಲಾಸ್ಟ್ ಬೆಂಚಿಗೆ ಕೇಳಿಸ್ತೋ ಇಲ್ವೋ ನೋಡ್ಬೇಕು ಕಣೋ. ಮೂವತ್ತೈದು ವರ್ಷ ಲಾಸ್ಟ್ ಬೆಂಚಿಗೆ ಕೇಳೋ ಹಾಗೆ ಕಿರುಚಿದವಳು ನಾನು."

ಹೀಗೆ ಶುರುವಾಯಿತು ಆ ಮಳೆಗಾಲದ ಅಭ್ಯಾಸ. ಬೆಳಗ್ಗೆ ಆರಕ್ಕೆ ಅಮಾನಿಕೆರೆಯ ದಂಡೆಯ ಮೇಲೆ ಒಂದು ಸುತ್ತು. ಆಷಾಢ ಬರುವ ಹೊತ್ತಿಗೆ ಎರಡು ಸುತ್ತು. ಜಿಟಿಜಿಟಿ ಮಳೆ, ಒಂದು ಕೊಡೆ ಅವರಿಗೆ, ಒಂದು ನನಗೆ, ನನ್ನ ಚೀಲದಲ್ಲಿ ಮೂರನೆಯದು, ಎರಡರಲ್ಲಿ ಒಂದು ಮುರಿದರೆ ಇರಲಿ ಎಂದು. ಭಾನುವಾರ ಅವರು ಚರ್ಚ್ ಮುಗಿಸಿ ಬಂದ ಮೇಲೆ ಆಟೋದಲ್ಲಿ ಸಿದ್ಧಗಂಗೆ ಬೆಟ್ಟಕ್ಕೆ ಹೋಗುತ್ತಿದ್ದೆವು, ಮೆಟ್ಟಿಲು ಹತ್ತುವುದಕ್ಕೆ. ಹಣೆಯಲ್ಲಿ ಬೊಟ್ಟಿಲ್ಲದ, ಬಿಳೀ ಸೀರೆಯ ಮುದುಕಿಯೊಬ್ಬರು ವಾರ ವಾರ ಬಂದು, ಹೂವು ಕೊಳ್ಳದೆ, ಗುಡಿಯವರೆಗೂ ಹೋಗದೆ, ಐವತ್ತು ಮೆಟ್ಟಿಲು ಹತ್ತಿ ಇಳಿಯುವುದನ್ನು ಹೂವಿನಾಕೆ ಗಮನಿಸಿದ್ದಳು.

"ಏನಮ್ಮೋ, ಹರಕೆನಾ?"

"ಹೂಂ ಕಣಮ್ಮ, ಹರಕೆನೇ."

"ಅರ್ಧಕ್ಕೇ ಇಳಿದ್ರೆ ದೇವ್ರು ಒಪ್ತಾನಾ?"

"ನಮ್ಮ ದೇವ್ರು ದೂರ ಇದಾನಮ್ಮ. ಇಲ್ಲಿ ಬರೀ ರಿಹರ್ಸಲ್ಲು."

ಶ್ರಾವಣದಲ್ಲಿ ಐವತ್ತು ನೂರಾಯಿತು. ಮಂಡಿಗೆ ನೀಲಗಿರಿ ಎಣ್ಣೆ, ಬಾಯಿಗೆ ಶುಂಠಿ ಪೆಪ್ಪರಮಿಂಟು. ಅವರು ಮುಂದೆ, ಅವರು ಬಿದ್ದರೆ ಹಿಡಿಯಲು ನಾನು ಹಿಂದೆ. ನಾನೇ ಬಿದ್ದರೆ ಹಿಡಿಯಲು ಕೋತಿಗಳಿದ್ದವು. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡಿದ್ದೇ ಇಲ್ಲ. ಒಂದು ಭಾನುವಾರ ಮಾತ್ರ, ನೂರು ದಾಟಿದ ಮೇಲೆ, ಅವರು ಥಟ್ಟನೆ ಕೂತುಬಿಟ್ಟರು. ಬಾಯಿ ತೆರೆದುಕೊಂಡು ಗಾಳಿ ಎಳೆಯುತ್ತಿದ್ದರು. ತುಟಿಯ ಬಣ್ಣ ನೇರಳೆಗೆ ತಿರುಗಿತ್ತು. ಐದು ನಿಮಿಷವಾದ ಮೇಲೆ ಉಸಿರು ಸರಿಯಾಯಿತು.

"ಡಾಕ್ಟ್ರ ಹತ್ರ ಹೋಗೋಣ ಮಿಸ್."

"ಬೇಡ. ಇದನ್ನ ಯಾರಿಗೂ ಹೇಳ್ಬೇಡ. ಸುಮತಿಗಂತೂ ಹೇಳ್ಲೇಬೇಡ. ಮಾತು ಕೊಡು."

ಕೊಟ್ಟೆ. ಕೊಟ್ಟ ಕ್ಷಣದಿಂದ ನಿದ್ದೆ ಬಿಟ್ಟೆ.

ಈಗ ನನ್ನ ಕಸುಬಿನ ಬಗ್ಗೆ ಹೇಳಬೇಕು. ನಾನು ಬೆಳ್ಳಿ ಕೆಲಸ ಕಲಿಯಲಿಲ್ಲ. ವಿಮಾ ಕಚೇರಿ ಸೇರಿದೆ. ಹೊಸ ಪಾಲಿಸಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವುದು ಕೆಲಸ. ಮುಂದೆ ಕೂತವರಿಗೆಲ್ಲ ನಾನು ಹೇಳುವ ಮಾತು ಒಂದೇ: "ಕಾಯಿಲೆ ಏನಿದ್ರೂ ಬರೀರಿ, ಮುಚ್ಚಿಡಬೇಡಿ. ಮುಚ್ಚಿಟ್ರೆ ನಾಳೆ ಕ್ಲೇಮ್ ಬರಲ್ಲ." ಸಕ್ಕರೆ ಕಾಯಿಲೆ ಮುಚ್ಚಿಟ್ಟು ಸತ್ತವರ ಹೆಂಡತಿ ಮಕ್ಕಳು ಕಣ್ಣೀರು ಹಾಕುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ಫಾರಂ ಎಂದರೆ ನನಗೆ ಶಾಸನ.

ಭಾದ್ರಪದದಲ್ಲಿ ಪ್ರವಾಸದವರಿಂದ ಆರೋಗ್ಯ ಘೋಷಣೆಯ ಫಾರಂ ಬಂತು. ಕಂಪ್ಯೂಟರಿನಲ್ಲೇ ತುಂಬಬೇಕು. "ನೀನೇ ತುಂಬು, ನಿಂಗೆ ಅದೇ ಕೆಲ್ಸ ಅಲ್ವಾ" ಎಂದು ಮಿಸ್ ನನ್ನ ಮೇಲೆ ಬಿಟ್ಟರು. ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಕೂತೆ. ಮಂಡಿ ನೋವು, ಬರೆದೆ. ರಕ್ತದೊತ್ತಡ, ಬರೆದೆ. ಕೊನೆಯಲ್ಲಿ ಒಂದು ಖಾಲಿ ಚೌಕ, ಹೇಳಬೇಕಾದ್ದು ಬೇರೆ ಏನಾದರೂ ಇದ್ದರೆ ಎಂದು. ಆ ಚೌಕದ ಮುಂದೆ ಅರ್ಧ ಗಂಟೆ ಕೂತಿದ್ದೆ. ಅನ್ನ ತಣ್ಣಗಾಯಿತು. ಆಮೇಲೆ ಬೆಟ್ಟದ ಮೆಟ್ಟಿಲು, ನೇರಳೆ ತುಟಿ, ಐದು ನಿಮಿಷ, ಎಲ್ಲವನ್ನೂ ಅಂದವಾದ ಇಂಗ್ಲಿಷಿನಲ್ಲಿ ಒಂಬತ್ತು ಸಾಲು ಬರೆದು ಕಳಿಸಿದೆ. ಬರೆದ ಮೇಲೆ ಹಗುರವಾಯಿತು. ಮಾತು ಮುರಿದದ್ದು ಗೊತ್ತಿತ್ತು. ಮಾತಿಗಿಂತ ಫಾರಂ ದೊಡ್ಡದು ಅನ್ನಿಸಿತ್ತು. ಅದನ್ನು ಯಾರಾದರೂ ಓದುತ್ತಾರೆ ಎಂದು ಮಾತ್ರ ಯಾಕೋ ಹೊಳೆಯಲಿಲ್ಲ.

ಓದಿದರು. ಹಡಗು ಟರ್ಕಿಯ ಬಂದರಿನಲ್ಲಿ ನಿಂತ ಬೆಳಗ್ಗೆ, ಮಿಸ್ ಇಸ್ತ್ರಿ ಮಾಡಿದ ಬಿಳೀ ಸೀರೆ, ಕ್ಯಾನ್ವಾಸ್ ಶೂ, ಎದೆಯ ಮೇಲೆ ನಮ್ಮ ತಂಡದ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಸೋಫಾದಲ್ಲಿ ತಯಾರಾಗಿ ಕೂತಿದ್ದರು. ಹಡಗಿನ ಕೌಂಟರಿನ ಹುಡುಗಿ ನನ್ನನ್ನು ಮಾತ್ರ ಕರೆದಳು. ಅವಳ ಕೈಯಲ್ಲಿ ನನ್ನ ಒಂಬತ್ತು ಸಾಲು. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದವರನ್ನು ಈ ನಡಿಗೆಗೆ ಬಿಡುವಂತಿಲ್ಲ, ಕ್ಷಮಿಸಿ. ಹಡಗಿನ ಡಾಕ್ಟರು ಬಂದು ಮಿಸ್‌ಗೆ ಬಿ.ಪಿ. ನೋಡಿದರು. ಆ ಗಡಿಬಿಡಿಯಲ್ಲಿ ಯಾರಿಗೆ ಏರುವುದಿಲ್ಲ? ಏರಿತ್ತು. ಅವರೂ ಆಗದೆಂದು ತಲೆಯಾಡಿಸಿದರು. ನಾನು ವಾದ ಮಾಡಿದೆ, ಬೇಡಿಕೊಂಡೆ, ಅದು ಒಂದೇ ಸಲ ಆದದ್ದು ಅಂದೆ. ಮುಚ್ಚಿಟ್ಟವರು ಸಿಕ್ಕಿಬಿದ್ದಾಗ ನನ್ನ ಟೇಬಲ್ಲಿನ ಮುಂದೆ ಹೇಗೆ ಮಾತಾಡುತ್ತಾರೋ ಹಾಗೇ ಮಾತಾಡಿದೆ. ಹುಡುಗಿ, ಅಲ್ಲಿ ನಾನು ನಗುವ ಹಾಗೇ ನಕ್ಕು, ರೂಲ್ಸ್ ಅಂದಳು.

ಮಿಸ್ ಹತ್ತಿರ ಬಂದೆ. "ಬಿ.ಪಿ. ಜಾಸ್ತಿ ಇದೆಯಂತೆ ಮಿಸ್. ಅದಕ್ಕೆ ಬಿಡಲ್ವಂತೆ."

"ಮಾತ್ರೆ ನುಂಗ್ತೀನಿ. ಅರ್ಧ ಗಂಟೆ ತಡೀತಾರಾ ಕೇಳು."

"ಕೇಳಿದೆ ಮಿಸ್. ಆಗಲ್ವಂತೆ."

ಅವರು ಸ್ವಲ್ಪ ಹೊತ್ತು ಶೂವನ್ನೇ ನೋಡುತ್ತಿದ್ದರು. "ಆ ಹುಡುಗಿ ಕೈಲಿ ಒಂದು ಹಾಳೆ ಇತ್ತಲ್ಲ, ಏನದು?"

"ಲಿಸ್ಟು ಮಿಸ್. ಹೆಸರಿನ ಲಿಸ್ಟು."

ನಾನೂ ಹೋಗುವುದಿಲ್ಲ ಅಂದೆ. ಅವರು ಬಿಡಲಿಲ್ಲ. "ಇಬ್ಬರೂ ಇಲ್ಲಿ ಕೂತು ನೀರು ನೋಡೋಕೆ ಇಷ್ಟು ದೂರ ಬಂದ್ವಾ? ಹೋಗು. ಮೇಲಿನ ಸಾಲಿನಲ್ಲಿ ಕೂತು ಕೇಳಿಸ್ಕೊಂಡು ಬಾ. ಭಯ ಆಯ್ತು ಅಂತ ಅರ್ಧಕ್ಕೆ ಇಳಿದ್ಯೋ, ನೋಡು."

ಮೊದಲು ಬೆಟ್ಟದ ಮೇಲೆ ಮರಿಯಮ್ಮನವರು ಕೊನೆಗಾಲ ಕಳೆದರೆಂದು ನಂಬುವ ಪುಟ್ಟ ಕಲ್ಲುಮನೆ. ನಮ್ಮ ಕಡೆಯ ಹಳೇ ಮಂಟಪದಷ್ಟೇ ದೊಡ್ಡದು. ಕೆಳಗೆ ಒಂದು ಗೋಡೆಗೆ ಜನ ಕಾಗದ, ಬಟ್ಟೆಚೂರು ಕಟ್ಟಿದ್ದರು, ನಮ್ಮಲ್ಲಿ ಮರಕ್ಕೆ ಹರಕೆ ಕಟ್ಟಿದ ಹಾಗೆ. ಎಲ್ಲರೂ ಬರೆದು ಕಟ್ಟಿದರು. ನನಗೆ ಬರೆಯುವುದೆಂದರೆ ಭಯವಾಗಿತ್ತು.

ಆಮೇಲೆ ಎಫೆಸ. ನೆರಳಿಲ್ಲದ ಬಿಸಿಲು, ಸವೆದು ಜಾರುವ ಅಮೃತಶಿಲೆಯ ಬೀದಿ, ತಲೆಯಿಲ್ಲದ ವಿಗ್ರಹಗಳು, ಉರುಳಿದ ಕಂಬದ ಮೇಲೆ ಮಲಗಿದ ಬೆಕ್ಕುಗಳು. ಗೈಡು ಕೋಲಿಗೆ ಸಂಖ್ಯೆಯ ಹಲಗೆ ಸಿಕ್ಕಿಸಿಕೊಂಡು ಮುಂದೆ ಮುಂದೆ ಹೋಗುತ್ತಿದ್ದರು. ಸ್ನಾನದ ಮನೆ, ಗ್ರಂಥಾಲಯ ಎಂದು ಅವರು ಹೇಳಿದ್ದು ನಮಗೆಲ್ಲ ಕೊಟ್ಟಿದ್ದ ಕಿವಿಯ ಯಂತ್ರದಲ್ಲಿ ಕೇಳುತ್ತಿತ್ತು. ನಾನು ಕಲ್ಲು ನೋಡುತ್ತಿರಲಿಲ್ಲ. ಇಲ್ಲಿ ಮಿಸ್ ಕೈ ಹಿಡಿಯಬೇಕಿತ್ತು, ಇಲ್ಲಿ ಕೂರಿಸಬಹುದಿತ್ತು, ಇಲ್ಲಿಯವರೆಗೆ ಖಂಡಿತ ಬರುತ್ತಿದ್ದರು ಎಂದು ಅಳೆಯುತ್ತಿದ್ದೆ. ಬರುತ್ತಿದ್ದರು. ಬೀದಿ ಪೂರ್ತಿ ಇಳಿಜಾರು.

ರಂಗಮಂದಿರಕ್ಕೆ ಹದಿನೈದು ನಿಮಿಷ ಕೊಟ್ಟರು. ಬಸ್ಸು ಬಿಟ್ಟುಹೋದರೆ, ಹಡಗು ಬಿಟ್ಟುಹೋದರೆ, ಟರ್ಕಿಯ ಪೊಲೀಸರು ಹಿಡಿದರೆ ಎಂಬುದನ್ನೆಲ್ಲ ಜೊತೆಯಲ್ಲೇ ಹೊತ್ತುಕೊಂಡು ನಾನು ಹತ್ತಿದೆ. ಗುಡ್ಡವನ್ನೇ ಕಡಿದು ಮಾಡಿದ ಸಾಲುಗಳು. ಕೊನೆಯ ಮೆಟ್ಟಿಲಿನಲ್ಲಿ ಕೂತಾಗ ನನ್ನ ಉಸಿರೇ ಕಟ್ಟಿತ್ತು. ಕೆಳಗಿನ ಜನ ಚುಕ್ಕೆಗಳಾಗಿದ್ದರು. ಆಗ ನಮ್ಮ ಬೆಂಗಳೂರಿನ ಟೂರ್ ಮ್ಯಾನೇಜರ್ ರಂಗದ ನಡುವೆ ನಿಂತು, ಯಾರು ಎಲ್ಲಿದ್ದಾರೆಂದು ಹೆಸರು ಕೂಗತೊಡಗಿದ. ಮೈಕು ಇಲ್ಲ. ಒಂದೊಂದು ಹೆಸರೂ ನನ್ನ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳುತ್ತಿತ್ತು. ಅವನ ಲಿಸ್ಟು ಹಳೆಯದು.

"ದಯಾವತಿ ಮೇಡಂ."

ಅವನು ಮತ್ತೆ ಕೂಗಿದ.

"ದಯಾವತಿ ಮೇಡಂ ಎಲ್ಲಿ?"

ನಾನು ಎದ್ದು ನಿಂತು "ಬಂದಿಲ್ಲ" ಎಂದು ಕೂಗಿದೆ. ನನ್ನ ಧ್ವನಿಯೂ ಅಷ್ಟೇ ಸ್ಪಷ್ಟವಾಗಿ ಕೆಳಗಿಳಿಯಿತು. ಎಲ್ಲರೂ ತಲೆ ಎತ್ತಿ ನೋಡಿದರು.

ಸಂಜೆ ಹಡಗಿಗೆ ಮರಳಿದಾಗ ಮಿಸ್ ಮೇಲಿನ ಡೆಕ್ಕಿನಲ್ಲಿ ಬೆಳಗಿನ ಸೀರೆಯಲ್ಲೇ ಕೂತಿದ್ದರು. ಎದೆಯ ಮೇಲಿನ ಚೀಟಿ ಇರಲಿಲ್ಲ.

"ಕೇಳಿಸ್ತೇನೋ?"

"ಚೆನ್ನಾಗಿ ಕೇಳಿಸ್ತು ಮಿಸ್. ಲಾಸ್ಟ್ ಬೆಂಚಿಗೂ."

"ಅಬ್ಬ" ಅಂದರು, ತಾವೇ ಪರೀಕ್ಷೆ ಪಾಸಾದವರ ಹಾಗೆ. ಕೂಗಿದ್ದು ಯಾರ ಹೆಸರು ಎಂದು ನಾನು ಹೇಳಲಿಲ್ಲ. ಬದಲಿಗೆ, ಹೊರಬಾಗಿಲಿನಲ್ಲಿ ಸಾಲು ಅಂಗಡಿಗಳಿದ್ದವು, ಅಲ್ಲಿ ಆ ದೇವಿಯ ಪುಟ್ಟ ಬೊಂಬೆಗಳನ್ನು ಇನ್ನೂ ಮಾರುತ್ತಿದ್ದಾರೆ ಎಂದೆ. "ಅದೇ ಹಲಗೆ ಮೇಲೆ ಪಕ್ಕದಲ್ಲೇ ಮರಿಯಮ್ಮನೋರು, ಪೌಲ. ಎಲ್ಲಾ ಒಂದೇ ರೇಟು. ಎರಡು ಸಾವಿರ ವರ್ಷ ಆದ್ರೂ ಬೆಳ್ಳಿ ಕೆಲ್ಸದೋರ ಅಂಗಡಿ ಮುಚ್ಚಿಲ್ಲ ಮಿಸ್."

ಮಿಸ್ ಜೋರಾಗಿ ನಕ್ಕರು. "ನೋಡ್ದಾ, ಮಕ್ಳು ಉಪವಾಸ ಬೀಳ್ಲಿಲ್ಲ. ನಲವತ್ತು ವರ್ಷದಿಂದ ನಿನ್ನ ಪ್ರಶ್ನೆ ನನ್ನ ತಲೆ ತಿಂತಿತ್ತು." ನಗು ನಿಂತ ಮೇಲೆ ಅವರು ಸಮುದ್ರದ ಕಡೆ ತಿರುಗಿದರು. ಕತ್ತಿನ ಆ ತಿರುವು ನನಗೆ ನಾಲ್ಕನೇ ಕ್ಲಾಸಿನಿಂದ ಗೊತ್ತು.

"ಇನ್ನೇನಾದ್ರೂ ಹೇಳೋದು ಉಳಿದಿದೆಯೇನೋ?"

ಅವರು ಸುಮ್ಮನೆ, ಬೇರೆ ಏನೇನು ನೋಡಿದೆ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ಎಷ್ಟು ಶ್ರಮ ಬಿತ್ತೆಂಬುದೂ ನೆನಪಿದೆ.

"ಇಲ್ಲ ಮಿಸ್. ಅಷ್ಟೇ."

ಊರಿಗೆ ಬಂದ ಮೇಲೆ ಅವರು ಕೆರೆಯ ಕಡೆ ಬರಲಿಲ್ಲ. ಇನ್ನು ಯಾತಕ್ಕೆ ನಡೀಲಿ ಅನ್ನುತ್ತಿದ್ದರು. ಪುಷ್ಯದ ಚಳಿಯಲ್ಲಿ ನ್ಯುಮೋನಿಯಾ ಆಗಿ ತುಮಕೂರಿನ ಒಂದು ಆಸ್ಪತ್ರೆ ಸೇರಿದರು. ಹೃದಯ ಎಷ್ಟೋ ದಿನದಿಂದ ಸೋತಿತ್ತು ಎಂದು ಡಾಕ್ಟರು ಹೇಳಿದರು. ಹಾಗಾದರೆ ನಾನು ಬರೆದದ್ದೇ ಸರಿಯಲ್ಲವೇ? ಆ ಮೆಟ್ಟಿಲಿನಲ್ಲಿ ಏನಾದರೂ ಆಗಿದ್ದರೆ? ಈ ವಾದವನ್ನು ನಾನು ನನ್ನೊಳಗೆ ನೂರು ಸಲ ಗೆದ್ದಿದ್ದೇನೆ. ಗೆದ್ದಷ್ಟೂ ಸಲ, ಬರೆದೆ ಸರಿ, ಹೇಳಲಿಲ್ಲ ಯಾಕೆ, ಎಂಬಲ್ಲಿಗೆ ಬಂದು ನಿಂತಿದ್ದೇನೆ.

ಕೊನೆಯ ದಿನ ಎಂದು ನನಗೆ ಗೊತ್ತಿರಲಿಲ್ಲ. ಆ ಸಂಜೆ ಹೋದಾಗ ಅವರ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಮಂಚದ ಪಕ್ಕ ಸ್ಟೂಲ್ ಇತ್ತು. ನಾನು ನಿಂತುಕೊಂಡೇ ಕಚೇರಿ, ಚಳಿ, ಅವರೆಕಾಯಿ ಎಂದು ಏನೇನೋ ಮಾತಾಡಿದೆ. ಮಾತು ಮುಗಿಯಿತು. ಮಿಸ್ ನಿಧಾನಕ್ಕೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು.

"ಇನ್ನೇನಾದ್ರೂ..." ಅಂದರು. ಉಸಿರು ಅಷ್ಟಕ್ಕೇ ಸಾಕಾಯಿತು.

ಈ ಸ್ಥಿತಿಯಲ್ಲಿ ಹೇಳಿ ಅವರ ಎದೆ ಒಡೆದುಹೋದರೆ ಎಂದು ಹೆದರಿದೆ. ನನ್ನ ಹೆದರಿಕೆಗೆ ಯಾವತ್ತೂ ಒಳ್ಳೆಯ ಕಾರಣವಿರುತ್ತದೆ.

"ಇಲ್ಲ ಮಿಸ್."

ಅವರು ಕಿಟಕಿ ನೋಡುತ್ತಲೇ ಇದ್ದರು. ಸ್ಟೂಲ್ ನನ್ನ ಕಾಲಿಗೆ ತಾಕುತ್ತಿತ್ತು. ಭೇಟಿಯ ಹೊತ್ತು ಮುಗಿಯಿತೆಂದು ನರ್ಸ್ ಬಂದು ಕಳಿಸುವವರೆಗೂ ನಿಂತೇ ಇದ್ದೆ.

ಅವರ ಆಸೆಯಂತೆ ಕುಣಿಗಲ್‌ನಲ್ಲಿ, ತಂದೆ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು. ವಾರದ ಮೇಲೆ ಸುಮತಿ ಮನೆಗೆ ಬಂದು ಒಂದು ಲಕೋಟೆ ಕೊಟ್ಟಳು. "ಅತ್ತೆ ಹ್ಯಾಂಡ್‌ಬ್ಯಾಗಲ್ಲಿತ್ತು ಅಂಕಲ್. ನೀವೇ ತುಂಬಿದ್ದು ಅನ್ಸುತ್ತೆ." ಮಡಿಸಿದ ಹಾಳೆಯಲ್ಲಿ ನನ್ನ ಒಂಬತ್ತು ಸಾಲು ಇತ್ತು. ತಲೆಯ ಮೇಲೆ ಹಡಗಿನ ಗುರುತು. ಹಾಳೆಯ ಮೂಲೆಗೆ ಎದೆಯಿಂದ ಕಿತ್ತ ಆ ಚೀಟಿಯನ್ನು ಅಂಟಿಸಿದ್ದರು. ನಾನು ಬಸ್ಸು ಹತ್ತಿದ ಮೇಲೆ ಅವರು ಕೌಂಟರಿಗೆ ಹೋಗಿ ಆ ಹಾಳೆ ಕೇಳಿ ಪಡೆದಿರಬೇಕು. ಎರಡು ಸಲವೂ ಅವರು ಗೊತ್ತಿದ್ದೇ ಕೇಳಿದ್ದರು.

ಹೋದ ತಿಂಗಳು ಕುಣಿಗಲ್‌ನಲ್ಲಿ ಇಳಿದು, ನೀಲಗಿರಿ ಅಜ್ಜಿಯ ಚೀಲ ಇಳಿಸಿಕೊಟ್ಟು, ಸಮಾಧಿಯ ಹತ್ತಿರ ಹೋದೆ. ಆ ಕಡೆ ಹುಲ್ಲು ಕೊಯ್ಯುತ್ತಿದ್ದವನು ದೂರ ಹೋಗಲಿ ಎಂದು ಕಾದೆ. ಆಮೇಲೆ, ನಾಲ್ಕನೇ ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೆ ಕೈಕಟ್ಟಿ ನಿಂತು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ರಂಗಮಂದಿರದಲ್ಲಿ ಕೂಗಿದ್ದು ಯಾರ ಹೆಸರೆಂಬುದನ್ನೂ ಹೇಳಿದೆ. ಹುಲ್ಲಿನಲ್ಲಿ ಗಾಳಿ ಆಡುತ್ತಿತ್ತು. ಇನ್ನೇನೂ ಕೇಳಿಸಲಿಲ್ಲ.

ವಾಪಸ್ಸು ಬರುವಾಗ ಬಸ್ಸು ಅರ್ಧಕ್ಕರ್ಧ ಖಾಲಿಯಿತ್ತು. ಬಾಗಿಲಿನ ಹತ್ತಿರದ ನನ್ನ ಸೀಟೂ ಖಾಲಿಯಿತ್ತು. ನಾನು ಕಂಬಿ ಹಿಡಿದು ನಿಂತಿದ್ದೆ. ಹೆಬ್ಬೂರು ದಾಟಿದ ಮೇಲೆ ಕಂಡಕ್ಟರ್ ಎರಡನೇ ಸಲ ಹತ್ತಿರ ಬಂದ.

"ಇಷ್ಟು ಸೀಟ್ ಖಾಲಿ ಅವೆ, ಕೂತ್ಕಳಿ ಸಾರ್."

"ಪರ್ವಾಗಿಲ್ಲಪ್ಪ" ಅಂದೆ. "ಇಲ್ಲೇ ಮುಂದೆ ಇಳಿಯೋದು."

ತುಮಕೂರು ಇನ್ನೂ ದೂರವಿತ್ತು.